ಜಕ್ಕಾಯನ ನಾಲ್ಕು ಪಾಲು

ಸಂತ ಲೂಕನು ಬರೆದ ಶುಭಸಂದೇಶದ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಬರುವ ಜಕ್ಕಾಯನನ್ನು ನೀವು ಧರ್ಮೋಪದೇಶ ತರಗತಿಯ ದಿನಗಳಿಂದಲೂ ಬಲ್ಲಿರಿ. ಆತ ಗಿಡ್ಡ ಮನುಷ್ಯ. ಜನಸಂದಣಿಯಲ್ಲಿ ಪ್ರಭು ಯೇಸುವನ್ನು ಕಾಣಲಾಗದೆ ಅತ್ತಿಮರವನ್ನು ಏರಿದವನು. ಪ್ರಭು ಅವನನ್ನು ಹೆಸರು ಹಿಡಿದು ಕರೆದು, ಅವನ ಮನೆಗೇ ಅತಿಥಿಯಾಗಿ ಹೋದರು. ಮಕ್ಕಳಿಗೆ ಈ ಪ್ರಸಂಗವನ್ನು ಹೇಳುವಾಗ ನಾವು ಮರದ ಮೇಲೆಯೇ ಬಹಳ ಹೊತ್ತು ಕುಳಿತುಬಿಡುತ್ತೇವೆ. ಮರದಿಂದ ಇಳಿದ ಮೇಲೆ ಜಕ್ಕಾಯನು ಆಡಿದ ಲೆಕ್ಕದ ಮಾತಿಗೆ ಅಷ್ಟೊಂದು ಗಮನ ಕೊಡುವುದಿಲ್ಲ.

ಅವನ ವೃತ್ತಿಯನ್ನು ಸ್ವಲ್ಪ ಯೋಚಿಸಿ ನೋಡಿ. ರೋಮನರ ಆಡಳಿತದಲ್ಲಿ ಸುಂಕ ವಸೂಲಿಯ ಹಕ್ಕನ್ನು ಗುತ್ತಿಗೆಗೆ ಕೊಡುವ ಪದ್ಧತಿಯಿತ್ತು. ಗುತ್ತಿಗೆ ಹಿಡಿದವನು ಒಪ್ಪಿಕೊಂಡ ಮೊತ್ತವನ್ನು ಆಡಳಿತಕ್ಕೆ ಕಟ್ಟುತ್ತಿದ್ದ. ಅದಕ್ಕಿಂತ ಹೆಚ್ಚಾಗಿ ಜನರಿಂದ ಕಿತ್ತುಕೊಂಡದ್ದೆಲ್ಲವೂ ಅವನ ಲಾಭ. ನಮ್ಮ ಇಂದಿನ ಭಾಷೆಯಲ್ಲಿ ಹೇಳುವುದಾದರೆ ಜಕ್ಕಾಯನು ಜೆರಿಕೋ ಪಟ್ಟಣದ ಒಬ್ಬ ದೊಡ್ಡ ಗುತ್ತಿಗೆದಾರ. ಆ ಗುತ್ತಿಗೆದಾರನು ಪ್ರಭುವಿನ ಸಮ್ಮುಖದಲ್ಲಿ ತನಗೆ ತಾನೇ ದಂಡ ವಿಧಿಸಿಕೊಂಡ. ಆಸ್ತಿಯಲ್ಲಿ ಅರ್ಧ ಬಡವರಿಗೆ. ಮೋಸದಿಂದ ಕಿತ್ತುಕೊಂಡದ್ದಕ್ಕೆ ಒಂದಕ್ಕೆ ನಾಲ್ಕು ಪಾಲು. ತಪ್ಪನ್ನು ತಾನಾಗಿ ಒಪ್ಪಿಕೊಂಡವನು ಮೂಲ ಮೊತ್ತದೊಡನೆ ಅದರ ಐದನೆಯ ಒಂದು ಪಾಲನ್ನು ಸೇರಿಸಿ ಕೊಟ್ಟರೆ ಸಾಕೆಂದು ಸಂಖ್ಯಾಕಾಂಡದ ಐದನೆಯ ಅಧ್ಯಾಯ ವಿಧಿಸುತ್ತದೆ. ಒಂದಕ್ಕೆ ನಾಲ್ಕು ಎಂಬುದು ವಿಮೋಚನಾಕಾಂಡದಲ್ಲಿ ಕುರಿ ಕದ್ದವನಿಗೆ ಇಟ್ಟ ದರ. ಜಕ್ಕಾಯನು ಸಭ್ಯಸ್ಥನ ದರವನ್ನು ಬಿಟ್ಟು ಕಳ್ಳನ ದರವನ್ನೇ ಆರಿಸಿಕೊಂಡ. ಅಷ್ಟೇ ಮುಖ್ಯವಾದ ಇನ್ನೊಂದು ಅಂಶವಿದೆ. ಆ ನಾಲ್ಕು ಪಾಲು ರೋಮಿನ ಬೊಕ್ಕಸಕ್ಕೂ ಹೋಗಲಿಲ್ಲ, ದೇವಾಲಯದ ಕಾಣಿಕೆಪೆಟ್ಟಿಗೆಗೂ ಬೀಳಲಿಲ್ಲ. ಕಳೆದುಕೊಂಡವನ ಕೈಗೇ ಹಿಂದಿರುಗಬೇಕೆಂಬುದು ಅವನ ಮಾತಿನ ತಾತ್ಪರ್ಯ.

ಕೂಲಿಯಲ್ಲಿ ಮೋಸ ಮಾಡುವ ಗುತ್ತಿಗೆದಾರರಿಗೆ ನಮ್ಮ ದೇಶದ ಕಾನೂನು ಏನು ದಂಡ ವಿಧಿಸುತ್ತದೆಂದು ಓದುತ್ತಾ ಹೋದಾಗ ನನಗೆ ಜಕ್ಕಾಯನ ಈ ದರಪಟ್ಟಿ ಮತ್ತೆ ಮತ್ತೆ ನೆನಪಾಯಿತು.

1948ರ ಕನಿಷ್ಠ ವೇತನ ಕಾಯಿದೆಯ ಪ್ರಕಾರ ನಿಗದಿತ ಕೂಲಿಗಿಂತ ಕಡಿಮೆ ಕೊಟ್ಟವನಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ 500 ರೂಪಾಯಿಯವರೆಗೆ ಜುಲ್ಮಾನೆ, ಇಲ್ಲವೇ ಎರಡೂ. 1970ರ ಗುತ್ತಿಗೆ ಕಾರ್ಮಿಕರ ಕಾಯಿದೆಯಲ್ಲಿ ಮೂರು ತಿಂಗಳವರೆಗೆ ಸೆರೆವಾಸ, ಅಥವಾ 1,000 ರೂಪಾಯಿಯವರೆಗೆ ಜುಲ್ಮಾನೆ, ಅಥವಾ ಎರಡೂ. ಐನೂರು ರೂಪಾಯಿ 1948ರಲ್ಲಿ ಚಿಕ್ಕ ಮೊತ್ತವೇನಲ್ಲ. ಆದರೆ ಅಕ್ಕಿಯ ಬೆಲೆ ಏರಿತು, ಸಿಮೆಂಟಿನ ಬೆಲೆ ಏರಿತು, ಈ ಕಾಯಿದೆಯ ದಂಡ ಮಾತ್ರ ಇದ್ದಲ್ಲೇ ಕುಳಿತಿತ್ತು. ಒಂದು ಸರಳವಾದ ಲೆಕ್ಕ ಮಾಡೋಣ. ಒಬ್ಬ ಗುತ್ತಿಗೆದಾರನ ಬಳಿ 26 ಆಳುಗಳಿದ್ದಾರೆ ಎಂದಿಟ್ಟುಕೊಳ್ಳಿ. ದಿನಕ್ಕೆ ತಲೆಗೆ 100 ರೂಪಾಯಿಯಂತೆ ಕೂಲಿಯಲ್ಲಿ ಕಡಿತ ಮಾಡಿದರೆ ದಿನಕ್ಕೆ 2,600, ತಿಂಗಳ 26 ಕೆಲಸದ ದಿನಗಳಿಗೆ 67,600 ರೂಪಾಯಿ. ಐನೂರರ ದಂಡವು ಅವನಿಗೆ ಬೆಳಗಿನ ಚಹಾ ಬಿಡುವಿನೊಳಗೆ ಸಂಪಾದನೆಯಾಗಿಬಿಡುತ್ತದೆ. ಇದನ್ನು ದಂಡವೆನ್ನುವುದಕ್ಕಿಂತ ಪರವಾನಗಿ ಶುಲ್ಕವೆನ್ನುವುದೇ ಲೇಸು.

2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯು ಈ ಮೊತ್ತವನ್ನು ಏರಿಸಿದೆ. ಕೊಡಬೇಕಾದುದಕ್ಕಿಂತ ಕಡಿಮೆ ಕೊಟ್ಟರೆ 50,000 ರೂಪಾಯಿಯವರೆಗೆ ದಂಡ. ಐದು ವರ್ಷಗಳೊಳಗೆ ಮತ್ತೆ ಅದೇ ತಪ್ಪಿಗೆ ಶಿಕ್ಷೆಯಾದರೆ ಮೂರು ತಿಂಗಳವರೆಗೆ ಸೆರೆವಾಸ, ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಇದು ಸ್ವಾಗತಾರ್ಹವೇ. ಆದರೆ ಮೊದಲ ಸಲದ ತಪ್ಪಿಗೆ ಸೆರೆವಾಸದ ಭಯವನ್ನು ತೆಗೆದುಹಾಕಲಾಗಿದೆ. ಸಂಹಿತೆಯ ಇತರ ಕೆಲವು ತಪ್ಪುಗಳಿಗೆ ಮೊಕದ್ದಮೆ ಹೂಡುವ ಮುನ್ನ ತಿದ್ದಿಕೊಳ್ಳಲು ಅವಕಾಶ ಕೊಡಬೇಕು. ಗರಿಷ್ಠ ದಂಡದ ಅರ್ಧವನ್ನು ಕಟ್ಟಿ ರಾಜಿ ಮಾಡಿಕೊಳ್ಳುವ ದಾರಿಯೂ ಇದೆ. ಅರ್ಧವೆಂದರೆ 25,000. ಮೇಲಿನ ಲೆಕ್ಕದಂತೆ ಹತ್ತು ದಿನಗಳ ಗಳಿಕೆ. ತಪ್ಪನ್ನು ತಿದ್ದಿಕೊಳ್ಳಲು ಅವಕಾಶ ಕೊಡುವುದು ಕ್ರೈಸ್ತ ಮನಸ್ಸಿಗೆ ಒಪ್ಪಿಗೆಯಾಗುವ ಸಂಗತಿ, ಅಲ್ಲಗಳೆಯುವುದಿಲ್ಲ. ಆದರೆ ತಪಾಸಣೆಗೆ ಬರುವವರೆಗೆ ಕಾದಿದ್ದು ತಿದ್ದಿಕೊಳ್ಳುವವನೂ, ಯಾರೂ ಕೇಳದಿರುವಾಗಲೇ ಮರದಿಂದಿಳಿದು ಲೆಕ್ಕ ಒಪ್ಪಿಸುವವನೂ ಒಂದೇ ಅಲ್ಲ.

ಇನ್ನೊಂದು ಕಲಮನ್ನು ಓದಿ ನನಗೆ ನಿಜವಾಗಿ ಆಶ್ಚರ್ಯವಾಯಿತು. ಕೂಲಿ ಕಳೆದುಕೊಂಡವನು ಅರ್ಜಿ ಹಾಕಿದರೆ, ಬರಬೇಕಾದ ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಹಳೆಯ ಕನಿಷ್ಠ ವೇತನ ಕಾಯಿದೆಯಲ್ಲಿಯೂ ಇತ್ತು, ಹೊಸ ಸಂಹಿತೆಯಲ್ಲಿಯೂ ಇದೆ. ಜಕ್ಕಾಯನದು ನಾಲ್ಕು ಪಾಲು, ನಮ್ಮ ಸಂಸತ್ತಿನದು ಹತ್ತು! ಅರ್ಜಿ ಸಲ್ಲಿಸಲು ಹಿಂದೆ ಆರು ತಿಂಗಳ ಗಡುವಿದ್ದುದು ಈಗ ಮೂರು ವರ್ಷವಾಗಿದೆ. ಕೂಲಿ ಕೊಟ್ಟಿದ್ದೇನೆಂದು ರುಜುವಾತು ಪಡಿಸುವ ಹೊಣೆಯೂ ಮಾಲೀಕನದೇ. ಹಾಗಿದ್ದರೆ ಸಮಸ್ಯೆ ಎಲ್ಲಿದೆ? ಓದುಗರೇ, ಊರು ಬಿಟ್ಟು ಬಂದು, ಮುಂಗಡ ಪಡೆದು, ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಮಲಗುವ ಹೆಂಗಸೊಬ್ಬಳು ಯಾವ ಕಚೇರಿಯ ಮೆಟ್ಟಿಲು ಹತ್ತಿಯಾಳು? ಹಾಜರಿ ಪುಸ್ತಕದಲ್ಲಿ ಅವಳ ಹೆಬ್ಬೆಟ್ಟು ಗುರುತಿದೆ. ಅದರ ಎದುರಿನ ಅಂಕಿಯನ್ನು ಬರೆದವನು ಮೇಸ್ತ್ರಿ. ರುಜುವಾತಿನ ಹೊಣೆ ಮಾಲೀಕನದೆಂದರೆ ಅವನು ತೋರಿಸುವುದು ಆ ಪುಸ್ತಕವನ್ನೇ.

1982ರಲ್ಲಿ ದೆಹಲಿಯಲ್ಲಿ ನಡೆದ ಏಷ್ಯನ್ ಕ್ರೀಡಾಕೂಟಕ್ಕಾಗಿ ಕ್ರೀಡಾಂಗಣಗಳನ್ನೂ ಮೇಲ್ಸೇತುವೆಗಳನ್ನೂ ಕಟ್ಟಿದ ಕೂಲಿಯಾಳುಗಳ ವಿಷಯ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಆಗ ಅವರ ದಿನಗೂಲಿ 9 ರೂಪಾಯಿ 25 ಪೈಸೆ. ಆಳುಗಳನ್ನು ಕರೆತಂದ ಜಮಾದಾರರು ಅದರಲ್ಲಿ ಒಂದು ರೂಪಾಯಿಯನ್ನು ತಮ್ಮ ದಲ್ಲಾಳಿಯೆಂದು ಮುರಿದುಕೊಳ್ಳುತ್ತಿದ್ದರು. ಹೆಣ್ಣಾಳುಗಳ ಕೈಗೆ ಬರುತ್ತಿದ್ದುದು ಏಳೇ ರೂಪಾಯಿ ಎಂಬ ದೂರೂ ಇತ್ತು. ಇವರು ಗುತ್ತಿಗೆದಾರರ ಆಳುಗಳು, ನಮ್ಮವರಲ್ಲ ಎಂದು ಸರ್ಕಾರಿ ಸಂಸ್ಥೆಗಳು ಕೈತೊಳೆದುಕೊಳ್ಳುವಂತಿಲ್ಲವೆಂದು ನ್ಯಾಯಾಲಯ ತೀರ್ಮಾನಿಸಿತು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೆಯ ಅನುಚ್ಛೇದವು ನಿಷೇಧಿಸುವ ಬಲವಂತದ ದುಡಿಮೆಯೇ ಹೌದೆಂದು ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ಬರೆದರು. ಹಳ್ಳಿಯ ಹಿರಿಯರು ಬಿಟ್ಟಿ ಚಾಕರಿ ಎಂದು ಕರೆಯುತ್ತಿದ್ದುದನ್ನು ಸಂವಿಧಾನದ ಭಾಷೆಯಲ್ಲಿ ಹೇಳಿದಂತಾಯಿತು. ಅದೇ ತೀರ್ಪಿನಲ್ಲಿ ಅವರು ಮ್ಯಾಜಿಸ್ಟ್ರೇಟರು ವಿಧಿಸುವ ಪುಡಿಗಾಸಿನ ದಂಡಗಳನ್ನು ಖಂಡಿಸಿ, ಹೀಗಾದರೆ ಕಾರ್ಮಿಕ ಕಾನೂನುಗಳ ಪಾಲನೆ ಅಸಾಧ್ಯವೆಂದು ಎಚ್ಚರಿಸಿದರು. ನಾಲ್ಕು ದಶಕಗಳೇ ಕಳೆದಿವೆ.

ಧರ್ಮಪ್ರಾಂತ್ಯದ ಪತ್ರಿಕೆಯಲ್ಲಿ ಕಾಯಿದೆ ಕಟ್ಟಳೆಗಳ ಮಾತೇಕೆ ಎಂದು ನೀವು ಕೇಳಬಹುದು. ಕೂಲಿಯ ಮಾತು ಪವಿತ್ರ ಗ್ರಂಥಕ್ಕೆ ಹೊರಗಿನದಲ್ಲ. ತಡೆಹಿಡಿದ ಕೂಲಿಯೇ ಬಾಯಿ ತೆರೆದು ಮೊರೆಯಿಡುತ್ತದೆಂದು ಸಂತ ಯಕೋಬನು ಬರೆಯುತ್ತಾನೆ. ಕೂಲಿಗಾರನ ಸಂಬಳವನ್ನು ವಂಚಿಸುವುದು ಸ್ವರ್ಗಕ್ಕೆ ಮೊರೆಯಿಡುವ ಪಾಪಗಳ ಸಾಲಿಗೆ ಸೇರಿದೆಯೆಂದು ಧರ್ಮಸಭೆಯ ಬೋಧನೆ. 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋರವರು ತಮ್ಮ ರೇರುಮ್ ನೊವಾರುಮ್ ವಿಶ್ವಪತ್ರದಲ್ಲಿ ಇದನ್ನೇ ಎತ್ತಿ ಹೇಳಿದರು. 1981ರಲ್ಲಿ ಎರಡನೆಯ ಜಾನ್ ಪೌಲರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೆಲಸಗಾರನೊಡನೆ ನೇರ ಒಪ್ಪಂದ ಮಾಡಿಕೊಳ್ಳುವ ಮಾಲೀಕನಲ್ಲದೆ ಪರೋಕ್ಷ ಮಾಲೀಕನೂ ಇದ್ದಾನೆ, ಆತನೂ ಹೊಣೆಗಾರನೇ ಎಂದು ಬೋಧಿಸಿದರು. ನಮ್ಮ 1970ರ ಕಾಯಿದೆ ಕಾಮಗಾರಿಯ ಒಡೆಯನನ್ನು ಪ್ರಧಾನ ಮಾಲೀಕನೆಂದು ಕರೆದು, ಗುತ್ತಿಗೆದಾರ ಕೂಲಿ ಕೊಡದಿದ್ದರೆ ಆ ಒಡೆಯನೇ ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕೆಂದು ಹೇಳಿತ್ತು. ಕೂಲಿ ಬಟವಾಡೆಯ ಹೊತ್ತಿನಲ್ಲಿ ಒಡೆಯನ ಪ್ರತಿನಿಧಿ ಎದುರಿಗಿರಬೇಕೆಂದೂ ವಿಧಿಸಿತ್ತು. ಹೊಸ ಸಂಹಿತೆಗಳೂ ಒಡೆಯನ ಈ ಹೊಣೆಯನ್ನು ಬಿಟ್ಟಿಲ್ಲ. ಹಾಗಾದರೆ ನಮ್ಮ ಶಾಲೆ, ಸಭಾಭವನ, ಗುರುನಿವಾಸ, ಗಂಟೆಗೋಪುರಗಳನ್ನು ಗುತ್ತಿಗೆಗೆ ಕೊಟ್ಟಾಗ ಪ್ರಧಾನ ಮಾಲೀಕ ಯಾರು? ಓದುಗರೇ, ನಾವೇ. ಕಾಣಿಕೆ ಕೊಟ್ಟ ನೀವೂ, ರಸೀದಿ ಬರೆದ ನಾನೂ.

ಕೆಲವು ವರ್ಷಗಳ ಹಿಂದೆ, ಹಳೆಯ ಕಾಯಿದೆಗಳೇ ಜಾರಿಯಲ್ಲಿದ್ದಾಗ, ನಮ್ಮ ಧರ್ಮಕೇಂದ್ರದಲ್ಲಿ ಸಭಾಭವನವೊಂದನ್ನು ಕಟ್ಟಲಾಯಿತು. ಕಟ್ಟಡ ಸಮಿತಿಯಲ್ಲಿ ನಾನೂ ಒಬ್ಬನಾಗಿದ್ದೆ. ಒಪ್ಪಂದ ಬರೆಯುವಾಗ ಗುರುಗಳು ಒಂದು ಷರತ್ತು ಸೇರಿಸಿದರು. ಕೌಶಲ ಬೇಡದ ಕೆಲಸಗಳಿಗೆ ಅರ್ಧದಷ್ಟು ಆಳುಗಳನ್ನು ನಮ್ಮೂರು ಮತ್ತು ಸುತ್ತಲಿನ ಹಳ್ಳಿಗಳಿಂದಲೇ ತೆಗೆದುಕೊಳ್ಳಬೇಕು. ಷರತ್ತೇನೋ ಸೇರಿತು, ಮುರಿದರೆ ದಂಡವೇನೆಂದು ಬರೆದಿರಲಿಲ್ಲ. ಬುನಾದಿ ಮುಗಿದು ಗೋಡೆ ಏಳುವ ಹೊತ್ತಿಗೆ ಕೆಲಸದಲ್ಲಿದ್ದವರೆಲ್ಲ ಕೊಪ್ಪಳ, ರಾಯಚೂರು ಕಡೆಯಿಂದ ಬಂದವರು. ನಮ್ಮೂರಿನ ಹುಡುಗರು ಒಂದು ಭಾನುವಾರ ಬಲಿಪೂಜೆ ಮುಗಿಯುತ್ತಲೇ ಗುರುಗಳನ್ನು ಸುತ್ತುವರಿದು, "ಫಾದರ್, ಚರ್ಚಿನ ಕೆಲಸಕ್ಕೂ ನಾವು ಬೇಡವಾದೆವೇ?" ಎಂದು ಕೇಳಿದರು. ಗುತ್ತಿಗೆದಾರನ ಉತ್ತರ ಸಿದ್ಧವಾಗಿತ್ತು: ಊರಿನವರು ಸೋಮವಾರ ಬರುವುದಿಲ್ಲ, ಹಬ್ಬ ಜಾತ್ರೆಗೆ ಬರುವುದಿಲ್ಲ, ಸಂಜೆ ಐದಕ್ಕೆ ಬಾಂಡಲಿ ಇಟ್ಟು ಹೊರಟುಬಿಡುತ್ತಾರೆ. ಅದರಲ್ಲಿ ಒಂದಿಷ್ಟು ನಿಜವೂ ಇತ್ತೆಂಬುದನ್ನು ಮುಚ್ಚಿಡುವುದಿಲ್ಲ.

ಆದರೆ ಗುರುಗಳು ಅಷ್ಟಕ್ಕೆ ಸುಮ್ಮನಾಗಲಿಲ್ಲ. ಹಾಜರಿ ಪುಸ್ತಕ ತರಿಸಿ ನೋಡಿದರೆ ಅದರಲ್ಲಿ 19 ಹೆಸರುಗಳು. ಮಧ್ಯಾಹ್ನ ಊಟಕ್ಕೆ ಕುಳಿತವರನ್ನು ಎಣಿಸಿದರೆ 26 ಜನ. ಇಪ್ಪತ್ತು ಆಳುಗಳಿದ್ದರೆ ಮಾತ್ರ 1970ರ ಕಾಯಿದೆ ಅನ್ವಯವಾಗುತ್ತಿತ್ತು. ಹತ್ತೊಂಬತ್ತರಲ್ಲಿ ನಿಲ್ಲುವ ಹಾಜರಿ ಪುಸ್ತಕಗಳು ನಮ್ಮ ನಾಡಿನಲ್ಲಿ ಅಪರೂಪವೇನಲ್ಲ. (ಈಗ ಹೊಸ ಸಂಹಿತೆಯಲ್ಲಿ ಆ ಮಿತಿಯನ್ನು 50ಕ್ಕೆ ಏರಿಸಲಾಗಿದೆ, ಇನ್ನು ಮುಂದೆ 49 ಹೆಸರುಗಳ ಪುಸ್ತಕಗಳನ್ನು ನಿರೀಕ್ಷಿಸೋಣ.) ಮುಂದಿನ ಶನಿವಾರದ ಬಟವಾಡೆಗೆ ಸಮಿತಿಯ ಇಬ್ಬರು ಹಾಜರಿರಬೇಕೆಂದು ಗುರುಗಳು ಹೇಳಿದರು. ನಾನೂ ಇನ್ನೊಬ್ಬ ಹಿರಿಯರೂ ಹೋದೆವು, ಗುರುಗಳೂ ಬಂದರು.

ಪುಸ್ತಕದಲ್ಲಿ ಎಲ್ಲ ಆಳುಗಳ ಎದುರಿಗೂ ದಿನಕ್ಕೆ 500 ರೂಪಾಯಿ ಎಂದು ಬರೆದಿತ್ತು. ಇಟ್ಟಿಗೆ ಹೊರುವ ಹೆಂಗಸೊಬ್ಬಳು ಹೆಬ್ಬೆಟ್ಟು ಒತ್ತಲು ಬಾಗಿದಾಗ ಗುರುಗಳು ಆ ಅಂಕಿಯನ್ನು ಗಟ್ಟಿಯಾಗಿ ಓದಿ, ಇಷ್ಟು ಬರುತ್ತಿದೆಯೇನಮ್ಮ ಎಂದು ಕೇಳಿದರು. ಆಕೆ ಮೇಸ್ತ್ರಿಯ ಮುಖ ನೋಡಿದಳು, ನೆಲ ನೋಡಿದಳು. ಆಮೇಲೆ, "ಪುಸ್ತಕದಾಗ ಏನ್ ಬರ್ದಾರೋ ನಮಗೇನ್ ಗೊತ್ರೀ ಯಪ್ಪಾ, ಕೈಯಾಗ ಬರೋದು ಮುನ್ನೂರಾ ಎಂಬತ್ತು" ಅಂದಳು. ಗಂಡಸರಿಗೆ ಐನೂರು ಪೂರ್ತಿ ಸಿಗುತ್ತಿತ್ತು. ಒಂಬತ್ತು ಮಂದಿ ಹೆಣ್ಣಾಳುಗಳಿಗೆ ಮಾತ್ರ ದಿನಕ್ಕೆ 120 ರೂಪಾಯಿ ಕಡಿತ. ಅಷ್ಟರಲ್ಲಿ 42 ದಿನಗಳ ಕೆಲಸವಾಗಿತ್ತು. ಒಬ್ಬೊಬ್ಬಳಿಗೆ 5,040, ಒಂಬತ್ತು ಜನಕ್ಕೆ 45,360 ರೂಪಾಯಿ.

ಆ ರಾತ್ರಿ ಸೇರಿದ ಸಮಿತಿಯ ಸಭೆ ಸುಲಭವಾಗಿ ಮುಗಿಯಲಿಲ್ಲ. ನಾವು ಗುತ್ತಿಗೆದಾರನಿಗೆ ಕೊಡಬೇಕಾದುದನ್ನು ಕೊಟ್ಟಿದ್ದೇವೆ, ಅವನು ತನ್ನ ಆಳುಗಳಿಗೆ ಏನು ಕೊಡುತ್ತಾನೆಂಬುದು ಅವನ ಮನಸ್ಸಾಕ್ಷಿಗೆ ಬಿಟ್ಟದ್ದು ಎಂದರು ಒಬ್ಬರು. ಉದ್ಘಾಟನೆಗೆ ಪೂಜ್ಯ ಧರ್ಮಾಧ್ಯಕ್ಷರು ದಿನಾಂಕ ಕೊಟ್ಟಾಗಿದೆ, ಈಗ ಇವನು ಕೆಲಸ ಬಿಟ್ಟುಹೋದರೆ ಮೋಲ್ಡ್ ಹಾಕುವವರು ಯಾರು ಎಂದರು ಇನ್ನೊಬ್ಬರು. ಈ ಎರಡನೆಯ ಆತಂಕ ನನಗೂ ಇತ್ತು. ಗುರುಗಳು ವಾದಕ್ಕಿಳಿಯದೆ ಪ್ರವಾದಿ ಯೆರೆಮೀಯನ ಗ್ರಂಥದ ಇಪ್ಪತ್ತೆರಡನೆಯ ಅಧ್ಯಾಯವನ್ನು ತೆರೆದು ಓದಿದರು. ಅರಸ ಯೆಹೋಯಾಕೀಮನು ವಿಶಾಲವಾದ ಮಾಳಿಗೆಗಳನ್ನೂ ಕಿಟಕಿಗಳನ್ನೂ ಇಟ್ಟು, ದೇವದಾರು ಹಲಗೆ ಹೊದಿಸಿ, ಕೆಂಪು ಬಣ್ಣ ಬಳಿದು ಅರಮನೆ ಕಟ್ಟಿಸುತ್ತಾನೆ. ಕಟ್ಟಿದವರಿಗೆ ಕೂಲಿ ಕೊಡುವುದಿಲ್ಲ. ಅಲ್ಲಿ ಪ್ರವಾದಿಯ ಶಾಪ ತಗಲುವುದು ಮೇಸ್ತ್ರಿಗಲ್ಲ, ಮನೆಯ ಒಡೆಯನಿಗೆ. ಓದು ಮುಗಿದ ಮೇಲೆ ಯಾರೂ ದಿನಾಂಕದ ಮಾತೆತ್ತಲಿಲ್ಲ.

ಮುಂದಿನ ಬಿಲ್ಲಿನಿಂದ 45,360 ರೂಪಾಯಿಯನ್ನು ಹಿಡಿದು ನೇರವಾಗಿ ಹೆಣ್ಣಾಳುಗಳಿಗೆ ಕೊಡುವುದೆಂದು ತೀರ್ಮಾನವಾಯಿತು. ಸಂಖ್ಯಾಕಾಂಡದ ಐದನೆಯ ಒಂದು ಪಾಲನ್ನೂ ಸೇರಿಸಿಕೊಡಪ್ಪ ಎಂದು ಗುರುಗಳು ಗುತ್ತಿಗೆದಾರನನ್ನು ಕೇಳಿದರು, ಆತ ಒಪ್ಪಲಿಲ್ಲ. ಕೋಪಗೊಂಡು ಮೂರು ದಿನ ಕೆಲಸ ನಿಲ್ಲಿಸಿದ. ನಾಲ್ಕನೆಯ ದಿನ ಬಂದ, ಏಕೆಂದರೆ ಅವನ ಉಳಿದ ಬಿಲ್ಲು ನಮ್ಮಲ್ಲಿತ್ತು. ಬಿಲ್ಲನ್ನು ತಡೆಹಿಡಿಯುವುದರಲ್ಲಿರುವ ಬಲ ಐನೂರರ ಜುಲ್ಮಾನೆಯಲ್ಲಿ ಇಲ್ಲವೆಂಬುದನ್ನು ನಾನು ಅಂದು ಕಣ್ಣಾರೆ ಕಂಡೆ. ಕಾಮಗಾರಿ ಕೊಡುವ ಪ್ರತಿಯೊಬ್ಬರ ಕೈಯಲ್ಲಿಯೂ, ಸರ್ಕಾರವಿರಲಿ ಧರ್ಮಕೇಂದ್ರವಿರಲಿ, ಈ ಅಸ್ತ್ರ ಇದ್ದೇ ಇದೆ.

ಬಟವಾಡೆ ಹೀಗೆ ಸಮಿತಿಯ ಎದುರಿನಲ್ಲಿ ನಡೆಯತೊಡಗಿದ ಮೂರನೆಯ ವಾರಕ್ಕೆ ಗುತ್ತಿಗೆದಾರನು, ಯಾರ ಒತ್ತಾಯವೂ ಇಲ್ಲದೆ, ನಮ್ಮೂರಿನ ಏಳೆಂಟು ಮಂದಿಯನ್ನು ಕೆಲಸಕ್ಕೆ ಕರೆದ. ಸೋಮವಾರದ ದೂರು ಎಲ್ಲಿ ಹೋಯಿತೋ! ನನಗೆ ತೋರುವ ಕಾರಣ ಇಷ್ಟೇ. ಪರವೂರಿನ ಆಳನ್ನು ಕರೆತರುವುದರಲ್ಲಿದ್ದ ಲಾಭವೆಂದರೆ ಆ ನೂರಿಪ್ಪತ್ತು ರೂಪಾಯಿ. ಪರವೂರಿನವಳ ಪರವಾಗಿ ಮಾತನಾಡಲು ಊರ ಹಿರಿಯರಿಲ್ಲ, ಅಣ್ಣತಮ್ಮಂದಿರಿಲ್ಲ. ಮುಂಗಡದ ಸಾಲ ಮಾತ್ರ ತಲೆಯ ಮೇಲಿದೆ. ಅವಳ ಕೂಲಿ ಸರಿಯಾದ ಕೂಡಲೇ ಅಷ್ಟು ದೂರದಿಂದ ಆಳು ತರುವ ಆಸಕ್ತಿಯೂ ಇಳಿಯಿತು. ಕೂಲಿಯ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸದೆ ಸ್ಥಳೀಯರಿಗೆ ಕೆಲಸ ಕೊಡಿ ಎಂದು ಕೂಗುವವರು ಹಿಂದುಮುಂದಾಗಿ ಹೊರಟವರೆಂದೇ ನನ್ನ ಭಾವನೆ.

ಸ್ಥಳೀಯರು ಯಾರು ಎಂಬ ಪ್ರಶ್ನೆಯೂ ಸುಲಭದ್ದಲ್ಲ. 2024ರ ಜುಲೈನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟವು ಉದ್ಯಮಗಳಲ್ಲಿ ಆಡಳಿತ ಹುದ್ದೆಗಳ ಪೈಕಿ ಶೇಕಡ 50 ಮತ್ತು ಇತರ ಹುದ್ದೆಗಳ ಪೈಕಿ ಶೇಕಡ 70 ಸ್ಥಳೀಯರಿಗೆ ಮೀಸಲಿಡುವ ಮಸೂದೆಯೊಂದಕ್ಕೆ ಒಪ್ಪಿಗೆ ಕೊಟ್ಟು, ವಿರೋಧ ಬಂದಾಗ ಎರಡೇ ದಿನಗಳಲ್ಲಿ ತಡೆಹಿಡಿಯಿತು. ಮುರಿದವರಿಗೆ ಅದರಲ್ಲಿ ಸೂಚಿಸಿದ್ದ ದಂಡ 10,000ದಿಂದ 25,000 ರೂಪಾಯಿ. ಹರಿಯಾಣದ ಇಂಥದೇ ಕಾನೂನನ್ನು ಅಲ್ಲಿಯ ಉಚ್ಚ ನ್ಯಾಯಾಲಯವು 2023ರ ನವೆಂಬರಿನಲ್ಲಿ ಸಂವಿಧಾನಬಾಹಿರವೆಂದು ರದ್ದುಪಡಿಸಿತು. ಈಗ ನಮ್ಮ ಇಟ್ಟಿಗೆ ಹೊತ್ತ ತಾಯಿಯನ್ನು ನೋಡಿ. ಕರ್ನಾಟಕದಲ್ಲೇ ಹುಟ್ಟಿದ ಆಕೆ ಈ ರಾಜ್ಯದವಳೇ. ನಮ್ಮೂರ ಹುಡುಗರ ದೃಷ್ಟಿಯಲ್ಲಿ ಪರವೂರಿನವಳು. ಅಂತರರಾಜ್ಯ ವಲಸೆ ಕಾರ್ಮಿಕರಿಗೆಂದು 1979ರಲ್ಲಿ ಮಾಡಿದ್ದ ಕಾಯಿದೆಯ ರಕ್ಷಣೆಯೂ ಅವಳಿಗೆ ಇರಲಿಲ್ಲ, ಏಕೆಂದರೆ ಆಕೆ ರಾಜ್ಯದ ಗಡಿ ದಾಟಿರಲಿಲ್ಲ. ಧರ್ಮೋಪದೇಶಕಾಂಡದ ಇಪ್ಪತ್ತನಾಲ್ಕನೆಯ ಅಧ್ಯಾಯವು ಬಡ ಕೂಲಿಗಾರನನ್ನು ಪೀಡಿಸಬಾರದೆನ್ನುವಾಗ ಅವನು ಸ್ವಜನನಾಗಿರಲಿ, ನಾಡಿನಲ್ಲಿ ತಂಗಿರುವ ಅನ್ಯನಾಗಿರಲಿ ಎಂದು ಇಬ್ಬರನ್ನೂ ಒಂದೇ ಉಸಿರಿನಲ್ಲಿ ಹೇಳಿ, ಹೊತ್ತು ಮುಳುಗುವುದರೊಳಗೆ ಕೂಲಿ ಕೊಡಬೇಕೆನ್ನುತ್ತದೆ. ಗುತ್ತಿಗೆದಾರನು ಒಬ್ಬರ ವಿರುದ್ಧ ಇನ್ನೊಬ್ಬರನ್ನು ನಿಲ್ಲಿಸಬಲ್ಲನೆಂಬುದನ್ನು ಆ ವಿಧಿಯನ್ನು ಬರೆದವರು ಅರಿತಿದ್ದರೆಂದು ತೋರುತ್ತದೆ.

ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯನ್ನೂ ಈ ಬೆಳಕಿನಲ್ಲಿ ಒಮ್ಮೆ ಓದಿ ನೋಡಿ. ಬಟವಾಡೆ ಮಾಡುವವನು ಮೇಲ್ವಿಚಾರಕನೇ, ಆದರೆ ಆಳುಗಳ ಗೊಣಗಾಟಕ್ಕೆ ಉತ್ತರ ಕೊಡುವವನು ತೋಟದ ಯಜಮಾನ. ಎಂದರೆ ಆ ಸಂಜೆ ಆತ ಮನೆಯೊಳಗೆ ಕುಳಿತಿರಲಿಲ್ಲ. ಯಾರ ಕೈಗೆ ಎಷ್ಟು ಬೀಳುತ್ತದೆಂದು ತಿಳಿಯುವಷ್ಟು ಹತ್ತಿರದಲ್ಲಿದ್ದ.

ನಮ್ಮ ಸಭಾಭವನ ನಿಗದಿಯಾದ ದಿನಕ್ಕೇ ಉದ್ಘಾಟನೆಯಾಯಿತು. ಹಿಡಿದಿಟ್ಟ ಹಣವನ್ನು ಹಂಚುವ ದಿನ ಒಂಬತ್ತು ಲಕೋಟೆಗಳಲ್ಲಿ ಏಳನ್ನು ಪಡೆಯಲು ಮಾತ್ರ ಜನ ಇದ್ದರು. ಇಬ್ಬರು ಹೆಂಗಸರು, ಒಬ್ಬಳು ತಾಯಿಗೆ ಕಾಯಿಲೆಯೆಂದು, ಇನ್ನೊಬ್ಬಳು ಹೆರಿಗೆಗೆಂದು, ಆ ಮೊದಲೇ ಊರಿಗೆ ಹೊರಟುಹೋಗಿದ್ದರು. ವಂಚನೆಗೊಳಗಾದವನಿಗೆ ಬಂಧುಗಳೂ ಇಲ್ಲದಿದ್ದರೆ ಪರಿಹಾರದ ಹಣ ಸರ್ವೇಶ್ವರನಿಗೆ ಸಲ್ಲಬೇಕು, ಅದು ಯಾಜಕನ ಪಾಲು ಎಂಬ ಮಾತು ಸಂಖ್ಯಾಕಾಂಡದ ಅದೇ ಅಧ್ಯಾಯದಲ್ಲಿದೆಯಲ್ಲ, ಇದನ್ನು ಬಡವರ ನಿಧಿಗೆ ಸೇರಿಸೋಣವೇ ಎಂದು ಸಮಿತಿಯವರೊಬ್ಬರು ಕೇಳಿದರು. ಬಂಧುಗಳನ್ನು ಹುಡುಕಿದ ಮೇಲಿನ ಮಾತು ಅದು, ನಾವಿನ್ನೂ ಹುಡುಕಿಲ್ಲ ಎಂದರು ಗುರುಗಳು. ಬಳ್ಳಾರಿ ಧರ್ಮಪ್ರಾಂತ್ಯದ ಗುರುಗಳೊಬ್ಬರ ಮೂಲಕ ವಿಚಾರಿಸಿ, ಐದು ತಿಂಗಳ ನಂತರ ಒಂದು ಲಕೋಟೆಯನ್ನು ಬಾಣಂತಿಯ ಕೈಗೆ ಮುಟ್ಟಿಸಲಾಯಿತು. ಇನ್ನೊಬ್ಬಳ ಊರಿನ ಹೆಸರನ್ನು ಮೇಸ್ತ್ರಿ ಎರಡು ಸಲ ಎರಡು ಬಗೆಯಾಗಿ ಹೇಳಿದ. ಆ ಲಕೋಟೆ ಈಗಲೂ ಧರ್ಮಕೇಂದ್ರದ ಕಚೇರಿಯ ಬೀರುವಿನಲ್ಲಿದೆ. ಪ್ರತಿ ವರ್ಷ ಲೆಕ್ಕ ತಪಾಸಣೆಗೆ ಬರುವವರು ಅದನ್ನು ಯಾವ ಬಾಬ್ತಿಗೆ ಸೇರಿಸಬೇಕೆಂದು ಕೇಳುತ್ತಾರೆ. ಕೊಡಬೇಕಾದ ಸಾಲದ ಪಟ್ಟಿಯಲ್ಲಿ 5,040 ರೂಪಾಯಿ ಎಂದು ಬರೆಸಿ ಮತ್ತೆ ಬೀಗ ಹಾಕುತ್ತೇವೆ.